ವಕಿಜಾಶಿ (ಜಪಾನಿನ ಗಿಡ್ಡ ಕತ್ತಿ) ಅಲಗಿನಲ್ಲಿ ಒಂದೇ ಜಾಗದಲ್ಲಿ ಪದೇ ಪದೇ ತುಕ್ಕು, ಜೊತೆಗೆ ಒರೆಸಿದರೂ ಹೋಗದ ಮಂಜು

ನಗೋಯಾವಾಸಿ:
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ನಗೋಯಾಕ್ಕೆ ಬಂದು ಆರು ವರ್ಷವಾಯಿತು. ಹೋದ ಚಳಿಗಾಲದಲ್ಲಿ ಇಲ್ಲೊಂದು ಹಳೇ ಸಾಮಾನಿನ ಅಂಗಡಿಯಲ್ಲಿ ವಕಿಜಾಶಿ ಕೊಂಡೆ. ಅಲಗು 52 ಸೆಂ.ಮೀ. ಹಿಡಿ, ಒರೆ ಎರಡೂ ಬಣ್ಣ ಹಚ್ಚದ ಬಿಳಿ ಮರದ್ದು, ಅಂದರೆ ಶಿರಾಸಾಯ. ಬಿದಿರಿನ ಮೊಳೆ ತೆಗೆದು ಹಿಡಿ ಬಿಚ್ಚಿದರೆ ಬುಡದಲ್ಲಿ 'ಬಿಶೂ ಒಸಾಫುನೆ ಸುಕೆಸದ' (ಬಿಝೆನ್ ಸೀಮೆಯ ಒಸಾಫುನೆ ಊರಿನ ಕಮ್ಮಾರ ಸುಕೆಸದ) ಎಂಬ ಕೆತ್ತನೆ ಇದೆ. ನೋಂದಣಿ ಕಾಗದ ಇದೆ. ಕೊಂಡ 20 ದಿನದೊಳಗೆ ಪ್ರಿಫೆಕ್ಚರಿನ ಶಿಕ್ಷಣ ಮಂಡಳಿಗೂ ತಿಳಿಸಿದ್ದೇನೆ.

ತೊಂದರೆ ಎರಡು. ಒಂದು, ಮೊನೆಯಿಂದ ನಾಲ್ಕು ಬೆರಳು ಹಿಂದೆ, ಒಂದೇ ಬದಿಯಲ್ಲಿ, ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು. ಒರೆಸಿ ಎಣ್ಣೆ ಹಚ್ಚಿ ಇಟ್ಟರೆ ಎರಡು ವಾರದಲ್ಲಿ ಅದೇ ಜಾಗದಲ್ಲಿ ಮತ್ತೆ ಬರುತ್ತವೆ. ಎರಡು, ಹದದ ಗೆರೆಯ (ಹಮೋನ್) ಮೇಲ್ಭಾಗದಲ್ಲಿ ಉದ್ದಕ್ಕೂ ತೆಳು ಮಂಜಿನಂಥ ಬಿಳಿ ಪಟ್ಟೆ. ವಾರಕ್ಕೊಮ್ಮೆ ಉಚಿಕೊ ಪುಡಿ ತಟ್ಟಿ ಒರೆಸುತ್ತಿದ್ದೇನೆ, ಹೋಗುತ್ತಲೇ ಇಲ್ಲ. ಹೊಸದಾಗಿ ಸಾಣೆ ಹಿಡಿಸಬೇಕಾ? ಬುಡದ ಕಪ್ಪು ತುಕ್ಕನ್ನೂ ಆಗಲೇ ತೆಗೆಸಿಬಿಡೋಣ ಅಂತಿದ್ದೇನೆ.

ಕುಡ್ಲದ_ಕಬ್ಬಿಣ:
ಮಾರಾಯ್ರೆ, ತುಕ್ಕಿಗೆ ಇಷ್ಟು ತಲೆಬಿಸಿ ಯಾಕೆ? ಹುಣಸೆಹಣ್ಣು ತಿಕ್ಕಿ ಒಣಗಿಸಿ ಎಣ್ಣೆ ಹಚ್ಚಿ. ನಮ್ಮ ಮನೆಯ ಮೆಟ್ಟುಕತ್ತಿ ನಲವತ್ತು ವರ್ಷದಿಂದ ಹಾಗೇ ನಡೀತಾ ಇದೆ.

ಸಾಣೆಕಲ್ಲು:
ದಯವಿಟ್ಟು ಬೇಡ! ಹುಣಸೆ, ನಿಂಬೆ, ಉಪ್ಪುಕಾಗದ, ಉಕ್ಕಿನ ನಾರು ಯಾವುದೂ ಅಲಗಿನ ಹತ್ತಿರ ಹೋಗಬಾರದು. ಹುಳಿ ತಾಗಿದರೆ ಸಾಣೆಯವರು ತಂದ ಮೈಹೊಳಪು ಅಲ್ಲಿಗೇ ಮುಗಿಯಿತು. ಮೆಟ್ಟುಕತ್ತಿಯಲ್ಲಿ ನಾವು ನೋಡುವುದು ಬರೀ ಹರಿತ. ಇಲ್ಲಿ ನೋಡಬೇಕಾದ್ದೆಲ್ಲ ಅಲಗಿನ ಮೈಯಲ್ಲೇ ಇದೆ.

ನಾನು ಲೋಹದ ಕೆಲಸದವಳು, ಒಕಾಯಾಮದಲ್ಲಿದ್ದೇನೆ. ಒಸಾಫುನೆ ಇಲ್ಲೇ ಪಕ್ಕ. ಅಲ್ಲಿನ ಕತ್ತಿ ಸಂಗ್ರಹಾಲಯಕ್ಕೆ ರಜೆ ಸಿಕ್ಕಾಗಲೆಲ್ಲ ಹೋಗುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಬುಡ. ಅದರ ತುಕ್ಕನ್ನು ಮುಟ್ಟಲೇಬೇಡಿ. ಕತ್ತಿಯ ವಯಸ್ಸು ಹೇಳುವುದೇ ಆ ತುಕ್ಕಿನ ಬಣ್ಣ. ಕೆತ್ತಿದ ಅಕ್ಷರದ ಒಳಗಿನ ತುಕ್ಕು ಸುತ್ತಲಿನದಕ್ಕೆ ಹೊಂದುತ್ತದೋ ಇಲ್ಲವೋ ಎಂದು ನೋಡಿಯೇ ಕಳ್ಳ ಸಹಿಯನ್ನು ಹಿಡಿಯುತ್ತಾರೆ. ತಿಕ್ಕಿ ತೆಗೆದರೆ ಸಾಕ್ಷಿಯೂ ಹೋಯಿತು, ಬೆಲೆಯೂ ಬಿತ್ತು.

ಒಂದೇ ಜಾಗ, ಒಂದೇ ಬದಿ ಅಂದಿರಲ್ಲ, ಅದು ದೊಡ್ಡ ಸುಳಿವು. ಗಾಳಿಯ ತೇವದಿಂದ ಬಂದ ತುಕ್ಕಾಗಿದ್ದರೆ ಅಲ್ಲಲ್ಲಿ ಚದುರಿ ಬರುತ್ತಿತ್ತು. ನನಗೆ ಅನುಮಾನ ಒರೆಯ ಮೇಲೆ. ಸರಿಯಾದ ಒರೆಯಲ್ಲಿ ಹಬಾಕಿ (ಬುಡದ ಹತ್ತಿರದ ಲೋಹದ ಪಟ್ಟಿ) ಬಾಯಲ್ಲಿ ಬಿಗಿಯಾಗಿ ಕೂರುತ್ತದೆ. ಅಲಗಿನ ಬೆನ್ನು ಮಾತ್ರ ಮರಕ್ಕೆ ತಾಗುತ್ತದೆ, ಬದಿಗಳು ತಾಗುವುದಿಲ್ಲ. ಹಬಾಕಿ ಸಡಿಲವಾಗಿದ್ದರೆ ಅಲಗು ವಾಲಿ ಮರಕ್ಕೆ ಒರಗುತ್ತದೆ. ಅಲ್ಲಿ ಹಳೇ ತುಕ್ಕಿನ ಪುಡಿ, ಹಳಸಿದ ಎಣ್ಣೆ ಅಂಟಿದ್ದರೆ ನೀವು ಎಷ್ಟು ಒರೆಸಿದರೂ ಒರೆ ವಾಪಸ್ ಕೊಡುತ್ತಲೇ ಇರುತ್ತದೆ.

ಹೀಗೆ ಮಾಡಿ. ಅಲಗನ್ನು ತೆಗೆದು ಬೇರೆ ಇಡಿ. ಖಾಲಿ ಒರೆಯನ್ನು ಬಿಳಿ ಕಾಗದದ ಮೇಲೆ ಬೋರಲಾಗಿ ಹಿಡಿದು ಮೆಲ್ಲಗೆ ತಟ್ಟಿ. ಏನು ಬಿತ್ತು ನೋಡಿ. ಆಮೇಲೆ ಮತ್ತೆ ಒರೆಗೆ ಸೇರಿಸಿ ಕಿವಿಯ ಹತ್ತಿರ ಅಲ್ಲಾಡಿಸಿ, ಕಟಕಟ ಅನ್ನುತ್ತದಾ?

ಮಂಜಿನ ವಿಷಯಕ್ಕೆ ಬರುವ ಮುಂಚೆ ಇನ್ನೊಂದು ಪರೀಕ್ಷೆ. ಔಷಧಿ ಅಂಗಡಿಯಲ್ಲಿ ಸಿಗುವ ನೀರಿಲ್ಲದ ಎಥನಾಲ್‌ನಿಂದ ಎಣ್ಣೆ ಪೂರ್ತಿ ತೆಗೆಯಿರಿ. ಮೆತ್ತನೆ ಬಟ್ಟೆ, ಬೆನ್ನಿನ ಕಡೆಯಿಂದ ಹಿಡಿದು, ಬೆರಳು ಜೋಪಾನ. ಟ್ಯೂಬ್‌ಲೈಟ್ ಆರಿಸಿ. ಒಂದೇ ಬಲ್ಬಿನ ಬೆಳಕಿಗೆ ಅಲಗನ್ನು ಓರೆಯಾಗಿ ಹಿಡಿದು ಮೆಲ್ಲಗೆ ತಿರುಗಿಸಿ. ಉಚಿಕೊ ಮಾತ್ರ ಸದ್ಯಕ್ಕೆ ನಿಲ್ಲಿಸಿ. ಅದು ಸಾಣೆಕಲ್ಲಿನದೇ ಪುಡಿ, ವಾರವಾರ ತಟ್ಟಿದರೆ ಗೀರು ಬಿದ್ದು ಮೈ ಮಂಕಾಗುತ್ತದೆ.

ನಗೋಯಾವಾಸಿ:
ಮೇಡಂ, ನಿಮ್ಮ ಅನುಮಾನ ನಿಜ. ಕಾಗದದ ಮೇಲೆ ಕಾಫಿ ಪುಡಿಯಂಥ ಕಂದು ಧೂಳು ಬಿತ್ತು! ಅಲ್ಲಾಡಿಸಿದರೆ ಸದ್ದೂ ಬರುತ್ತದೆ. ನಾನು ಇಷ್ಟು ದಿನ ಅದನ್ನು 'ಹಳೇ ಕತ್ತಿಯ ಸದ್ದು' ಅಂತ ಖುಷಿಪಡುತ್ತಿದ್ದೆ.

ಮಂಜು ಮಾತ್ರ ಎಥನಾಲ್‌ಗೂ ಹೋಗಲಿಲ್ಲ. ವಿಚಿತ್ರ ಅಂದರೆ ನೇರ ನೋಡಿದರೆ ಕಾಣುವುದಿಲ್ಲ. ಓರೆ ಮಾಡಿದರೆ ಹದದ ಗೆರೆಗೂ ಮಂಜಿಗೂ ನಡುವೆ ಕಪ್ಪನೆ ಸಂದು ಬಿಟ್ಟು, ಗೆರೆಯ ನೆರಳಿನ ಹಾಗೆ ಜೊತೆಯಲ್ಲೇ ಓಡುತ್ತದೆ.

ಸಾಣೆಕಲ್ಲು:
ಅದು ಕಲೆಯಲ್ಲ. ನೀವು ಹೇಳುವುದನ್ನು ನೋಡಿದರೆ ಉತ್ಸುರಿ ಅನ್ನಿಸುತ್ತದೆ. ಹದ ಹಾಕುವ ಮುಂಚೆ ಕಮ್ಮಾರ ಅಲಗಿಗೆ ಮಣ್ಣು ಮೆತ್ತುತ್ತಾನೆ, ಬಾಯಿಯ (ಹರಿತದ ಅಂಚಿನ) ಕಡೆ ತೆಳ್ಳಗೆ, ಬೆನ್ನಿನ ಕಡೆ ದಪ್ಪ. ಕೆಂಪಗೆ ಕಾದದ್ದನ್ನು ನೀರಿಗೆ ಇಳಿಸಿದಾಗ ಬಾಯಿ ಥಟ್ಟನೆ ತಣಿದು ಗಟ್ಟಿಯಾಗುತ್ತದೆ. ಮಣ್ಣು ದಪ್ಪ ಇರುವ ಕಡೆ ನಿಧಾನಕ್ಕೆ ತಣಿದು ಮೆದುವಾಗಿ ಉಳಿಯುತ್ತದೆ. ಎರಡರ ಗಡಿಯೇ ನಿಮ್ಮ ಹಮೋನ್. ಉಕ್ಕು, ಕಾಯಿಸಿದ ಬಿಸಿ, ತಣಿದ ವೇಗ ಮೂರೂ ಒಂದು ರೀತಿಯಲ್ಲಿ ಕೂಡಿಬಂದರೆ ಆ ಗಡಿಯ ಮೇಲೆ ಈ ಬಿಳಿ ನೆರಳು ಮೂಡುತ್ತದೆ. 13ನೇ ಶತಮಾನದ ಬಿಝೆನ್ ಕತ್ತಿಗಳ ಹೆಗ್ಗುರುತೇ ಇದು. ಎಡೋ ಕಾಲಕ್ಕೆ (17ರಿಂದ 19ನೇ ಶತಮಾನ) ಬರುವಷ್ಟರಲ್ಲಿ ಹೆಚ್ಚುಕಡಿಮೆ ಮರೆಯಾಗಿತ್ತು. ಇಂದಿನ ಕಮ್ಮಾರರು ಅದನ್ನು ಮತ್ತೆ ತರಲು ವರ್ಷಗಟ್ಟಲೆ ಒದ್ದಾಡಿದ್ದಾರೆ. ನೀವು ಅದನ್ನೇ ವಾರಕ್ಕೊಮ್ಮೆ ಒರೆಸಿ ತೆಗೆಯಲು ನೋಡುತ್ತಿದ್ದಿರಿ!

ಆದರೆ ತುಂಬಾ ಹಿಗ್ಗಬೇಡಿ. ಸುಕೆಸದ ಎಂಬ ಹೆಸರಿನಲ್ಲಿ ಬಹಳ ಜನ ಕಮ್ಮಾರರು ಕೆಲಸ ಮಾಡಿದ್ದಾರೆ. 16ನೇ ಶತಮಾನದಲ್ಲಿ ಎಲ್ಲೆಲ್ಲೂ ಯುದ್ಧ, ಒಸಾಫುನೆಯಲ್ಲಿ ಕತ್ತಿಗಳನ್ನು ರಾಶಿ ರಾಶಿ ಬಡಿದರು. ಸಹಿಯಲ್ಲಿ ಕಮ್ಮಾರನ ಸ್ವಂತ ಹೆಸರೂ ಸೇರಿದ್ದರೆ, ಉದಾಹರಣೆಗೆ ಯೊಸೊಝಾಎಮೊನ್ ಅಂತ, ಸಾಮಾನ್ಯವಾಗಿ ಹೇಳಿ ಮಾಡಿಸಿದ ಒಳ್ಳೆಯ ಕೆಲಸ. ನಿಮ್ಮದರ ಹಾಗೆ ಚಿಕ್ಕ ಸಹಿಯವು ಹೆಚ್ಚಾಗಿ ಸಗಟು ಮಾಲು. ಪದೇ ಪದೇ ಸಾಣೆ ಹಿಡಿದು ಸವೆದ ಅಲಗಿನಲ್ಲೂ ಇಂಥದೇ ಮಬ್ಬು ಕಾಣುವುದುಂಟು. ಕೈಯಲ್ಲಿ ಹಿಡಿದು ನೋಡಿದವರೇ ಹೇಳಬೇಕು.

ಅದಕ್ಕೇ ಸಾಣೆಗೆ ಅವಸರ ಬೇಡ. ಕೂಲಿಯನ್ನು ಸುನ್ ಲೆಕ್ಕದಲ್ಲಿ ಹಾಕುತ್ತಾರೆ (ಒಂದು ಸುನ್ ಅಂದರೆ ಸುಮಾರು 3 ಸೆಂ.ಮೀ.), ನಿಮ್ಮದು ಹದಿನೇಳು ಸುನ್ ದಾಟುತ್ತದೆ. ದುಡ್ಡು ಹೋಗಲಿ, ಪ್ರತಿ ಸಲವೂ ಉಕ್ಕು ಸವೆಯುತ್ತದೆ. ಮೊದಲು ಒರೆ ಮಾಡುವವರನ್ನು, ಅಂದರೆ ಸಾಯಶಿಯನ್ನು ಹುಡುಕಿ. ಕತ್ತಿಗೆ ಹೆಸರಾದ ಸೆಕಿ ಊರು ನಿಮಗೆ ಹತ್ತಿರ, ಅಲ್ಲಿ ವಿಚಾರಿಸಿ.

ಕುಡ್ಲದ_ಕಬ್ಬಿಣ:
ಹುಣಸೆಹಣ್ಣಿನ ಮಾತು ವಾಪಸ್ ತಗೊಂಡೆ ಅಕ್ಕ. ಒಂದು ಡೌಟು, ಒರೆಯ ಒಳಗೆ ಕ್ಲೀನ್ ಮಾಡುವುದು ಹೇಗೆ? ಕೈ ಹೋಗಲ್ಲವಲ್ಲ.

ಸಾಣೆಕಲ್ಲು:
ಒಳ್ಳೆ ಪ್ರಶ್ನೆ. ಶಿರಾಸಾಯದ ಎರಡು ಹೋಳುಗಳನ್ನು ಅಂಟಿಸುವುದು ಅನ್ನದ ಅಂಟಿನಿಂದ. ನಾವು ಚಿಕ್ಕವರಿದ್ದಾಗ ಲಕೋಟೆಗೆ ಅನ್ನದ ಅಗುಳು ತಿಕ್ಕಿ ಅಂಟಿಸುತ್ತಿರಲಿಲ್ವಾ, ಹಾಗೇ. ಅಂಟು ಬೇಕೆಂದೇ ಅಷ್ಟು ದುರ್ಬಲ. ಬೇಕಾದಾಗ ಸೀಳಿ, ಒಳಗೆ ಹೆರೆದು, ಮತ್ತೆ ಅಂಟಿಸಬಹುದು. ಯಾರೂ ಫೆವಿಕಾಲ್ ಹಾಕಲು ಹೋಗಬೇಡಿ.

ನಗೋಯಾವಾಸಿ:
ಐದು ವಾರದ ನಂತರ ಬರೆಯುತ್ತಿದ್ದೇನೆ. ಸಾಯಶಿ ನನ್ನೆದುರೇ ಒರೆ ಸೀಳಿದರು. ಒಂದು ಹೋಳಿನಲ್ಲಿ, ಮೊನೆಯಿಂದ ನಾಲ್ಕು ಬೆರಳು ಹಿಂದೆ, ಕಂದು ಮಚ್ಚೆ ಅಚ್ಚು ಹೊಡೆದ ಹಾಗಿತ್ತು. ಅದನ್ನು ಹೆರೆದು ತೆಗೆದರು. ಹಬಾಕಿ ಕೂರುವ ಜಾಗಕ್ಕೆ ತೆಳು ಮರದ ಚಕ್ಕೆ ಅಂಟಿಸಿ ಬಿಗಿ ಮಾಡಿದರು. ಎಣ್ಣೆಯನ್ನೂ ನಾನು ಜಾಸ್ತಿ ಹಚ್ಚುತ್ತಿದ್ದೆನಂತೆ, ಅದೇ ಇಳಿದು ಮರಕ್ಕೆ ಇಂಗಿದೆ. ಈಗ ತೆಳು ಪದರದಷ್ಟು ಮಾತ್ರ ಹಚ್ಚುತ್ತೇನೆ. ಹಳೇ ಚುಕ್ಕೆಗಳು ಕಪ್ಪಾಗಿ ಹಾಗೇ ಉಳಿದಿವೆ, ಹೊಸದು ಒಂದೂ ಬಂದಿಲ್ಲ. ಜೂನ್ ಮಳೆ ಈಗಷ್ಟೇ ಶುರುವಾಗಿದೆ, ಅದು ಮುಗಿದ ಮೇಲೆ ಮತ್ತೆ ತಿಳಿಸುತ್ತೇನೆ.

ಮಂಜಿನ ಬಗ್ಗೆ ಅವರನ್ನೂ ಕೇಳಿದೆ. ಬಲ್ಬಿನ ಕೆಳಗೆ ತುಂಬಾ ಹೊತ್ತು ತಿರುಗಿಸಿ ನೋಡಿದರು. 'ಒರೆಸಬೇಡಿ' ಅಂದರು, ಅಷ್ಟೇ.