ಆಳವಾದ ಹಿಮದಲ್ಲಿ ಎಂಟು ಚಕ್ರದ ಉಭಯಚರ ವಾಹನ: ತಳ ತಗುಲಿ ನಿಲ್ಲದಂತೆ ಓಡಿಸುವುದು ಹೇಗೆ?

ಪ್ರಶ್ನೆ (ಸಡ್ಬರಿ, ಒಂಟಾರಿಯೊ)

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಒಂಟಾರಿಯೊದಲ್ಲಿ ಖನಿಜ ಪರಿಶೋಧನೆ ಮಾಡುವ ತಂಡವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಬೇಸಿಗೆಯಲ್ಲಿ ಜೌಗು ನೆಲವನ್ನೂ ಸಣ್ಣ ಕೆರೆಗಳನ್ನೂ ದಾಟಲು ಬಳಸುವ ಎಂಟು ಚಕ್ರದ ಉಭಯಚರ ವಾಹನವನ್ನೇ ಈ ಸಲ ಚಳಿಗಾಲದಲ್ಲಿಯೂ ಓಡಿಸಬೇಕಾಗಿದೆ. ಜೌಗಿನಲ್ಲಿ ಎಲ್ಲಿಯೂ ಸಿಕ್ಕಿಕೊಳ್ಳದ ಈ ಗಾಡಿ, ಮೊಣಕಾಲು ಮೀರಿದ ಹೊಸ ಹಿಮದಲ್ಲಿ ಸ್ವಲ್ಪ ದೂರ ಸಾಗುವಷ್ಟರಲ್ಲಿ ತಳವೂರಿ ಕುಳಿತುಬಿಡುತ್ತದೆ. ಎಂಟೂ ಚಕ್ರಗಳು ತಿರುಗುತ್ತವೆ, ಗಾಡಿ ಮಾತ್ರ ಕದಲುವುದಿಲ್ಲ. ದಿಕ್ಕು ಬದಲಿಸಲು ಹೋದಾಗಲೇ ಹೀಗಾಗುವುದು ಹೆಚ್ಚು. ಒಂದೊಂದು ಬದಿಯ ಟೈರುಗಳನ್ನೆಲ್ಲ ಸುತ್ತುವರಿಯುವ ಅಗಲ ಪಟ್ಟಿ, ಅಂದರೆ ರಬ್ಬರ್ ಟ್ರ್ಯಾಕ್ ಹಾಕಿಸಿದರೆ ಸಾಕೇ, ಅಥವಾ ಓಡಿಸುವ ಕ್ರಮವೇ ಬದಲಾಗಬೇಕೇ? ನಮ್ಮ ದಾರಿಯಲ್ಲಿ ಹೆಪ್ಪುಗಟ್ಟಿದ ಕೆರೆಗಳೂ ಇವೆ. ನೀರಿನ ಮೇಲೆ ತೇಲುವ ಗಾಡಿಯಾದ್ದರಿಂದ ಮಂಜುಗಡ್ಡೆ ಒಡೆದರೂ ಭಯವಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಆ ಮಾತನ್ನು ನಂಬಲು ನನಗೆ ಧೈರ್ಯ ಸಾಲುತ್ತಿಲ್ಲ.

ಉತ್ತರ (ಥಂಡರ್ ಬೇ)

ಟ್ರ್ಯಾಕ್ ಬೇಕು, ಕ್ರಮವೂ ಬದಲಾಗಬೇಕು. ಜೌಗಿನಲ್ಲಿ ಗಾಡಿಯನ್ನು ಹೊರುವುದು ಹುಲ್ಲು ಮತ್ತು ಬೇರುಗಳ ಹೆಣಿಗೆ. ಅದು ಹರಿದರೆ ಕೆಳಗಿನ ನೀರೇ ತಳವನ್ನು ಎತ್ತಿ ಹಿಡಿಯುತ್ತದೆ. ಹೊಸ ಹಿಮದಿಂದ ಇವೆರಡೂ ಆಗವು. ಒಂದು ಘನ ಮೀಟರ್ ನೀರು 1000 ಕಿಲೊ ತೂಗಿದರೆ ಅಷ್ಟೇ ಪ್ರಮಾಣದ ಹೊಸ ಪುಡಿಹಿಮ ಸಾಮಾನ್ಯವಾಗಿ 50ರಿಂದ 100 ಕಿಲೊ ಮಾತ್ರ ತೂಗುತ್ತದೆ, ಉಳಿದದ್ದೆಲ್ಲ ಗಾಳಿ.

ಲೆಕ್ಕ ಹಾಕಿ ನೋಡಿ. ಚಾಲಕ ಮತ್ತು ಸಾಮಾನು ಸೇರಿ 800 ಕಿಲೊ ತೂಗುವ ಗಾಡಿಯ ಒಂದೊಂದು ಟೈರು 30 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದದಷ್ಟು ನೆಲಕ್ಕೆ ತಾಗುತ್ತದೆ ಎಂದುಕೊಂಡರೆ, ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 165 ಗ್ರಾಂ ಭಾರ ಬೀಳುತ್ತದೆ. ಬೂಟು ಹಾಕಿಕೊಂಡು ಎರಡೂ ಕಾಲ ಮೇಲೆ ನಿಂತ ಮನುಷ್ಯನ ಭಾರವೂ ಹೆಚ್ಚು ಕಡಿಮೆ ಇಷ್ಟೇ. ಆದ್ದರಿಂದ ನೀವು ಎಷ್ಟು ಹುಗಿಯುತ್ತೀರೋ ಗಾಡಿಯೂ ಅಷ್ಟೇ ಹುಗಿಯುತ್ತದೆ. ತಲಾ 45 ಸೆಂ.ಮೀ. ಅಗಲದ ಎರಡು ಟ್ರ್ಯಾಕ್‌ಗಳು ಎರಡು ಮೀಟರ್ ಉದ್ದಕ್ಕೆ ಹಿಮವನ್ನು ತಾಗಿದರೆ, ಟ್ರ್ಯಾಕ್‌ಗಳ ಸ್ವಂತ ತೂಕವನ್ನು ಸೇರಿಸಿಕೊಂಡರೂ ಈ ಭಾರ 50 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಹೀಗಿದ್ದರೂ ಗಾಡಿ ಹುಗಿಯುತ್ತದೆ, ಆದರೆ ತಳ ತಗುಲುವ ಮೊದಲೇ ಕೆಳಗಿನ ಹಿಮ ಒತ್ತಿ ಗಟ್ಟಿಯಾಗಲು ಅವಕಾಶ ಸಿಗುತ್ತದೆ.

ಓಡಿಸುವ ಕ್ರಮದ ಬಗ್ಗೆ ನಾನು ಒತ್ತಿ ಹೇಳಬೇಕಾದ ಮಾತು ಒಂದೇ: ಚಕ್ರಗಳು ಹಿಮವನ್ನು ಅಗೆಯಬಾರದು, ತುಳಿದು ಗಟ್ಟಿ ಮಾಡಬೇಕು. ಲೋ ಗೇರಿನಲ್ಲಿ, ಆಕ್ಸಿಲರೇಟರನ್ನು ಒಂದೇ ಹದದಲ್ಲಿ ಹಿಡಿದು, ನಡಿಗೆಯ ವೇಗಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ಮುಂದೆ ಸಾಗಿ. ಮುಂಭಾಗ ಹಿಮವನ್ನು ತಳ್ಳಿ ಗುಡ್ಡೆ ಮಾಡುತ್ತಿದೆ ಎಂದು ಅನಿಸಿದ ಕೂಡಲೇ, ಚಕ್ರಗಳು ಜಾರುವುದಕ್ಕೆ ಮೊದಲೇ ನಿಲ್ಲಿಸಿ, ನಿಮ್ಮದೇ ಜಾಡಿನಲ್ಲಿ ಒಂದೆರಡು ಗಾಡಿಯುದ್ದ ಹಿಂದಕ್ಕೆ ಬಂದು, ಮತ್ತೆ ಮುಂದೆ ಹೋಗಿ. ಪ್ರತಿ ಸಲವೂ ಒಂದಿಷ್ಟು ದೂರ ದಕ್ಕುತ್ತದೆ. ಬೇಸರ ಹಿಡಿಸುವ ಕೆಲಸ ನಿಜ, ಆದರೂ ಸಲಿಕೆ ಹಿಡಿದು ತಳದ ಕೆಳಗಿನ ಹಿಮವನ್ನು ಎಳೆದು ತೆಗೆಯುವುದಕ್ಕಿಂತ ಬಹಳ ಹಗುರ.

ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸುವುದಿಲ್ಲ. ತುಳಿದ ಹಿಮದ ಹರಳುಗಳು ಒಂದಕ್ಕೊಂದು ತಾಗಿದ ಕಡೆಗಳಲ್ಲಿ ನಿಧಾನವಾಗಿ ಬೆಸೆದುಕೊಳ್ಳುತ್ತವೆ, ಹಾಗಾಗಿ ಇಂದು ಸಂಜೆ ತುಳಿದ ಜಾಡು ನಾಳೆ ಬೆಳಿಗ್ಗೆಗೆ ಎಷ್ಟೋ ಗಟ್ಟಿಯಾಗಿರುತ್ತದೆ. ಕೆಲಸಕ್ಕೆ ಹೋಗುವ ಹಿಂದಿನ ದಿನವೇ ಸಾಮಾನಿಲ್ಲದ ಖಾಲಿ ಗಾಡಿಯಲ್ಲಿ ಹೋಗಿ ಜಾಡು ಹಾಕಿ ಬನ್ನಿ. ಮರುದಿನ ಭಾರ ಹೇರಿಕೊಂಡು ಹೋಗುವಾಗ ಅದೇ ಜಾಡಿನಿಂದ ಕದಲಬೇಡಿ. ಥರ್ಮಾಮೀಟರ್ −20 ಡಿಗ್ರಿಗಿಂತ ಕೆಳಗಿದ್ದಾಗ ಹೊಸ ಹಿಮ ಒಣ ಮರಳಿನಂತೆ ವರ್ತಿಸುತ್ತದೆ, ತುಳಿದರೂ ಬೇಗ ಕಚ್ಚಿಕೊಳ್ಳುವುದಿಲ್ಲ. ಅಂಥ ದಿನಗಳಲ್ಲಿ ಜಾಡಿಗೆ ಇನ್ನೂ ಹೆಚ್ಚು ಸಮಯ ಕೊಡಬೇಕು.

ಉತ್ತರ (ಉಮಿಯೊ, ಸ್ವೀಡನ್)

ತಿರುವಿನ ತೊಂದರೆಯ ಬಗ್ಗೆ ಎರಡು ಮಾತು. ನಿಮ್ಮ ಗಾಡಿಗೆ ಕಾರಿನಂತೆ ಹೊರಳುವ ಮುಂಗಾಲಿಗಳಿಲ್ಲ. ಒಂದು ಬದಿಯ ಚಕ್ರಗಳನ್ನು ನಿಧಾನಗೊಳಿಸಿ, ಇನ್ನೊಂದು ಬದಿಯ ಚಕ್ರಗಳನ್ನು ಓಡಿಸಿ ಅದು ತಿರುಗುತ್ತದೆ, ಆಗ ಎಲ್ಲ ಟೈರುಗಳೂ ಅಡ್ಡಡ್ಡವಾಗಿ ಜಾರಲೇಬೇಕು. ಗಟ್ಟಿ ನೆಲದಲ್ಲಿ ಇದು ಟೈರನ್ನು ಸವೆಸುತ್ತದೆ. ಆಳವಾದ ಹಿಮದಲ್ಲಿ ಹೊರಬದಿಯ ಹಿಮವನ್ನು ಗೋಡೆಯಾಗಿ ತಳ್ಳಿ, ಒಳಬದಿಯಲ್ಲಿ ಗುಂಡಿ ತೋಡುತ್ತದೆ. ಇಲ್ಲಿನ ಓರ್ನ್‌ಶೋಲ್ಡ್ಸ್‌ವಿಕ್‌ನಲ್ಲಿ ತಯಾರಾದ ಹೆಗ್ಲುಂಡ್ಸ್ ಬಿವಿ 206 ಎಂಬ ಟ್ರ್ಯಾಕ್ ವಾಹನ ಆಳವಾದ ಹಿಮದಲ್ಲಿ ಹೆಸರು ಗಳಿಸಿದ್ದಕ್ಕೆ ಒಂದು ಮುಖ್ಯ ಕಾರಣವೆಂದರೆ ಅದರ ಎರಡು ಡಬ್ಬಿಗಳು ನಡುವಿನ ಕೀಲಿನಲ್ಲಿ ಬಾಗುತ್ತವೆ. ನಾಲ್ಕೂ ಟ್ರ್ಯಾಕ್‌ಗಳು ತಿರುವಿನಲ್ಲಿಯೂ ಮುಂದಕ್ಕೆ ಎಳೆಯುತ್ತಲೇ ಇರುತ್ತವೆ. ನಿಮ್ಮ ಗಾಡಿಯಲ್ಲಿ ಆ ಸೌಲಭ್ಯ ಇಲ್ಲದಿರುವುದರಿಂದ ಒಂದೇ ಏಟಿಗೆ ಹ್ಯಾಂಡಲ್ ಎಳೆಯಬೇಡಿ. ಸ್ವಲ್ಪ ತಿರುಗಿಸಿ, ನೇರ ಮಾಡಿ, ಒಂದು ಗಾಡಿಯುದ್ದ ಸಾಗಿ, ಮತ್ತೆ ಸ್ವಲ್ಪ ತಿರುಗಿಸಿ. ತಿರುವು ದೊಡ್ಡದಾಗುತ್ತದೆ, ಆದ್ದರಿಂದ ಮರಗಳ ನಡುವೆ ದಾರಿ ಆರಿಸುವಾಗಲೇ ಅದಕ್ಕೆ ಜಾಗ ಬಿಟ್ಟುಕೊಳ್ಳಿ.

ವಿಂಚ್ (ಹಗ್ಗ ಸುತ್ತಿಕೊಂಡು ಗಾಡಿಯನ್ನು ಎಳೆಯುವ ಯಂತ್ರ) ಇದ್ದೂ ಹಗ್ಗ ಕಟ್ಟಲು ಮರವಿಲ್ಲದ ಬಯಲಿನಲ್ಲಿ ಸಿಕ್ಕಿಕೊಂಡರೆ, ಎಳೆತಕ್ಕೆ ಅಡ್ಡವಾಗಿ ಆಳವಾದ ಕಾಲುವೆ ತೋಡಿ, ದಪ್ಪ ದಿಮ್ಮಿಯೊಂದಕ್ಕೆ ಪಟ್ಟಿ ಕಟ್ಟಿ ಹೂತು, ಮೇಲೆ ಹಿಮ ತುಂಬಿ ಚೆನ್ನಾಗಿ ತುಳಿಯಿರಿ. ಅರ್ಧ ಗಂಟೆಯಾದರೂ ಬಿಟ್ಟ ಮೇಲೆ ಎಳೆಯಿರಿ. ಮೇಲಿನವರು ಹೇಳಿದ ಬೆಸುಗೆ ಇಲ್ಲಿಯೂ ಕೆಲಸ ಮಾಡುತ್ತದೆ.

ಉತ್ತರ (ಯೆಲ್ಲೊನೈಫ್)

ಕೆರೆಯ ವಿಷಯದಲ್ಲಿ ನಿಮ್ಮ ಅಳುಕೇ ಸರಿ, ದಯವಿಟ್ಟು ಅದನ್ನು ಬಿಡಬೇಡಿ. ಗಾಡಿ ತೇಲುತ್ತದೆ ಎಂಬುದು ನಿಜ. ಆದರೆ ತೇಲುವ ಗಾಡಿ ಮಂಜುಗಡ್ಡೆಯ ಅಂಚನ್ನು ಹತ್ತಿ ಹೊರಬರುವುದು ಬೇರೆಯೇ ಮಾತು. ನೀರಿನಲ್ಲಿ ಟೈರುಗಳ ತಿರುಗುವಿಕೆಯಿಂದ ಸಿಗುವ ನೂಕು ತೀರ ಕಡಿಮೆ, ಮುಂಚಕ್ರ ಅಂಚಿನ ಮೇಲೆ ಭಾರ ಹಾಕಿದಾಗಲೆಲ್ಲ ಆ ಅಂಚೇ ಮುರಿಯುತ್ತದೆ. ತಳದ ನೀರುಗಂಡಿಯ ಬಿರಡೆಗಳು ಹಾಕದೇ ಉಳಿದಿದ್ದರೆ ತೇಲುವ ಮಾತೂ ಇಲ್ಲ. ಟ್ರ್ಯಾಕ್ ಮತ್ತು ಸಾಮಾನಿನ ಭಾರದಿಂದ ಗಾಡಿಯ ಅಂಚು ನೀರಿಗೆ ಇನ್ನಷ್ಟು ಹತ್ತಿರವಾಗಿರುತ್ತದೆ ಎಂಬುದನ್ನೂ ನೆನಪಿಡಿ.

ತಿಳಿಯಾದ, ಗಟ್ಟಿ ಮಂಜುಗಡ್ಡೆಯ ಮೇಲೆ ನಡೆದು ಹೋಗಲು ಕನಿಷ್ಠ 10 ಸೆಂ.ಮೀ. ದಪ್ಪ ಬೇಕು ಎನ್ನುತ್ತಾರೆ. ನಿಮ್ಮ ಗಾಡಿಯ ತೂಕಕ್ಕೆ 20 ಸೆಂ.ಮೀ.ಗಿಂತ ಕಡಿಮೆಯಿದ್ದರೆ ನಾನು ಇಳಿಯುವುದಿಲ್ಲ. ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಪದರದ ಬಲ ತಿಳಿ ಪದರದ ಅರ್ಧದಷ್ಟು ಎಂದೇ ಎಣಿಸಿ. ಮೊದಲು ನಡೆದು ಹೋಗಿ, ಬೈರಿಗೆಯಿಂದ ತೂತು ಕೊರೆದು ಹಲವು ಕಡೆ ಅಳೆಯಿರಿ. ಹೊಳೆ ಸೇರುವ ಮತ್ತು ಹೊರಡುವ ಬಾಯಿಗಳಿಂದ ದೂರವಿರಿ.

ಆಳವಾದ ಹಿಮ ಬಿದ್ದ ಕೆರೆಗಳಲ್ಲಿ ಇನ್ನೊಂದು ಕಾಟವಿದೆ. ಹಿಮದ ಭಾರಕ್ಕೆ ಮಂಜುಗಡ್ಡೆ ತಗ್ಗಿ, ಬಿರುಕುಗಳಿಂದ ನೀರು ಮೇಲೆ ಬಂದು, ಹಿಮದ ಹೊದಿಕೆಯ ಕೆಳಗೆ ಹೆಪ್ಪುಗಟ್ಟದೆ ಕೆಸರಿನಂತೆ ನಿಂತಿರುತ್ತದೆ. ಮೇಲಿನಿಂದ ಕಾಣುವುದಿಲ್ಲ. ಗಾಡಿ ಅದರೊಳಗೆ ಇಳಿದರೆ ಟ್ರ್ಯಾಕ್ ಮತ್ತು ಚಕ್ರಗಳ ನಡುವೆ ತುಂಬಿಕೊಂಡು, ನಿಲ್ಲಿಸಿದ ಸ್ವಲ್ಪ ಹೊತ್ತಿನಲ್ಲೇ ಕಲ್ಲಾಗುತ್ತದೆ. ಹಾಗಾಗಿ ಅಂಥ ಕಡೆ ನಿಲ್ಲಬೇಡಿ. ಒಣ ಹಿಮಕ್ಕೆ ಬಂದ ಮೇಲೆ ಹಿಂದೆ ಮುಂದೆ ಓಡಿಸಿ ಉದುರಿಸಿ, ರಾತ್ರಿ ನಿಲ್ಲಿಸುವಾಗ ಚಕ್ರಗಳ ಕೆಳಗೆ ಸ್ಪ್ರೂಸ್ ಮರದ ಕೊಂಬೆಗಳನ್ನು ಹಾಸಿ, ತಳದಲ್ಲಿ ಸೇರಿದ ನೀರನ್ನು ಪೂರ್ತಿ ಹೊರಗೆ ಬಿಡಿ.

ಪ್ರತಿಯೊಬ್ಬರಿಗೂ ತೇಲುವ ಉಡುಪು, ನೀರಿಗೆ ಬಿದ್ದರೆ ಮಂಜುಗಡ್ಡೆಗೆ ಚುಚ್ಚಿ ಮೇಲೆ ಬರಲು ಕೈಗೆ ಐಸ್ ಮೊಳೆ ಮತ್ತು ಒಂದೊಂದು ಜೊತೆ ಸ್ನೋಶೂ (ಹಿಮದಲ್ಲಿ ಕಾಲು ಹುಗಿಯದಂತೆ ಬೂಟಿಗೆ ಕಟ್ಟುವ ಅಗಲವಾದ ಚೌಕಟ್ಟು) ಇರಲೇಬೇಕು. ಸೊಂಟದ ಆಳದ ಹಿಮದಲ್ಲಿ ಸ್ನೋಶೂ ಇಲ್ಲದೆ ಎರಡು ಕಿಲೊಮೀಟರ್ ನಡೆಯುವುದು ಗಟ್ಟಿಮುಟ್ಟಾದವರಿಗೂ ಕಷ್ಟ. ಗಾಡಿ ಹುಗಿದು ನಿಂತಾಗ ಬೆಚ್ಚಗಿರಲೆಂದು ಎಂಜಿನ್ ಓಡಿಸುತ್ತ ಮುಚ್ಚಿದ ಹೊದಿಕೆಯೊಳಗೆ ಕುಳಿತರೆ, ಹಿಮದಿಂದ ಮುಚ್ಚಿದ ಹೊಗೆ ಕೊಳವೆಯ ವಿಷಗಾಳಿ ಒಳಗೆ ತುಂಬಿ ಪ್ರಾಣಕ್ಕೆ ಅಪಾಯವಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸ್ನೋಶೂ ಮತ್ತು ಬೈರಿಗೆ ಇಲ್ಲದೆ ಹೊರಡುವುದಿಲ್ಲ ಎಂದು ತಂಡಕ್ಕೆ ತಿಳಿಸಿದ್ದೇನೆ. ಮುಂದಿನ ವಾರ ಟ್ರ್ಯಾಕ್ ಹಾಕುತ್ತಿದ್ದೇವೆ. ಟೈರಿನ ಗಾಳಿಯ ಒತ್ತಡವನ್ನು ಬೆಚ್ಚಗಿರುವ ಶೆಡ್ಡಿನಲ್ಲೇ ಹೊಂದಿಸಿಕೊಂಡು ಹೊರಡಬಹುದೇ?

ಉತ್ತರ (ಥಂಡರ್ ಬೇ)

ಬೇಡ. 20 ಡಿಗ್ರಿಯ ಶೆಡ್ಡಿನಲ್ಲಿ 5 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ತೋರಿಸುವ ಟೈರು −25 ಡಿಗ್ರಿಯ ಬಯಲಿಗೆ ಬಂದಾಗ ಸುಮಾರು 2 ಪಿಎಸ್ಐಗೆ ಇಳಿಯುತ್ತದೆ. ಸುತ್ತಲಿನ ವಾತಾವರಣದ ಒತ್ತಡವನ್ನೂ ಸೇರಿಸಿ ಲೆಕ್ಕ ಮಾಡಿದರೆ ಇದು ಗೊತ್ತಾಗುತ್ತದೆ. ಕಾರಿನ ಟೈರಿನಲ್ಲಿ ಇಂಥ ಇಳಿತವನ್ನು ಸಹಿಸಬಹುದು, ಇಲ್ಲಿ ಅರ್ಧಕ್ಕಿಂತ ಹೆಚ್ಚು ಹೋದಂತಾಯಿತು. ಟೈರು ಕುಗ್ಗಿದರೆ ಟ್ರ್ಯಾಕ್ ಸಡಿಲವಾಗಿ, ಆಳವಾದ ಹಿಮದ ತಿರುವಿನಲ್ಲಿ ಕಳಚಿಕೊಳ್ಳುತ್ತದೆ. ಗಾಡಿಯನ್ನು ಹೊರಗೆ ನಿಲ್ಲಿಸಿ, ಟೈರುಗಳು ಪೂರ್ತಿ ತಣ್ಣಗಾದ ಮೇಲೆ, ಟ್ರ್ಯಾಕ್ ಜೊತೆ ಬಂದ ಕೈಪಿಡಿಯಲ್ಲಿರುವ ಒತ್ತಡಕ್ಕೆ ತುಂಬಿಸಿ. ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸುವ ಗೇಜ್ ತೆಗೆದುಕೊಳ್ಳಿ, ಕಾರಿನ ಗೇಜ್ ಇಷ್ಟು ಕೆಳಗೆ ನಂಬಲರ್ಹವಲ್ಲ. ಟ್ರ್ಯಾಕ್ ಬಿಗಿಯನ್ನು ಮೊದಲ ದಿನ ದಾರಿಯಲ್ಲಿಯೂ ಒಮ್ಮೆ ನೋಡಿಕೊಳ್ಳಿ, ಹೊಸ ಟ್ರ್ಯಾಕ್ ಸ್ವಲ್ಪ ಹಿಗ್ಗುತ್ತದೆ.