ಲೈಗರ್ ಅವರನ್ನು ಹುಡುಗನಿಗೆ ಪರಿಚಯಿಸುವುದು ಹೇಗೆ?

ಪ್ರಶ್ನೆ: ಹದಿನಾಲ್ಕು ವರ್ಷದ ನನ್ನ ತಂಗಿಯ ಮಗ ಟಿವಿಯಲ್ಲಿ ರೆಸ್ಲಿಂಗ್ ನೋಡಿ ನೋಡಿ, ಕುಳ್ಳಗಿರುವವರು ಅಲ್ಲಿ ಸೋಲುವುದಕ್ಕೇ ಇರುವವರೆಂದು ನಂಬಿದ್ದಾನೆ. ಜಪಾನಿನ ಜುಷಿನ್ ಥಂಡರ್ ಲೈಗರ್ ಅವರ ಪಂದ್ಯಗಳನ್ನು ತೋರಿಸಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?

ಉತ್ತರ 1: ಪಂದ್ಯಕ್ಕಿಂತ ಮೊದಲು ಹಿನ್ನೆಲೆಯನ್ನು ಹೇಳಿ. 1964ರಲ್ಲಿ ಹಿರೋಷಿಮಾದಲ್ಲಿ ಹುಟ್ಟಿದ ಕೇಯಿಚಿ ಯಮಾದಾ (ಲೈಗರ್ ಅವರ ನಿಜನಾಮ) ಶಾಲಾ ದಿನಗಳಿಂದಲೇ ಕುಸ್ತಿ ಮಾಡಿದ್ದರೂ, ಸುಮಾರು 170 ಸೆಂಟಿಮೀಟರ್ ಎತ್ತರ ಸಾಲದೆಂದು ನ್ಯೂ ಜಪಾನ್ ಎಂಬ ರೆಸ್ಲಿಂಗ್ ಸಂಸ್ಥೆಯ ಬಾಗಿಲು ಅವರಿಗೆ ತೆರೆಯಲಿಲ್ಲ. ಅವರು ಮೆಕ್ಸಿಕೋಗೆ ಹೋಗಿ ಅಲ್ಲಿ ಕಲಿಯತೊಡಗಿದರು. ಅಲ್ಲಿಯೇ ಅದೇ ಸಂಸ್ಥೆಯವರ ಕಣ್ಣಿಗೆ ಬಿದ್ದು, ತವರಿಗೆ ಮರಳಿ 1984ರಲ್ಲಿ ರಿಂಗ್‌ಗೆ ಇಳಿದರು. ಕಾರ್ಟೂನ್ ನಾಯಕನೊಬ್ಬನಿಂದ ಪಡೆದ, ಕೊಂಬುಳ್ಳ ಮುಖವಾಡದೊಂದಿಗೆ ಟೋಕಿಯೋ ಡೋಮ್ ಕ್ರೀಡಾಂಗಣದಲ್ಲಿ ಲೈಗರ್ ಆಗಿ ಕಾಣಿಸಿಕೊಂಡದ್ದು 1989ರ ಏಪ್ರಿಲ್‌ನಲ್ಲಿ.

ಉತ್ತರ 2: ನಾನು ಮಾಡಿದ ತಪ್ಪನ್ನು ತಾವು ಮಾಡಬೇಡಿ. ಮೇಲಿನ ಹಗ್ಗದಿಂದ ಮುಂದಕ್ಕೆ ಜಿಗಿಯುತ್ತಲೇ ಹಿಂದಕ್ಕೆ ಲಾಗ ಹಾಕಿ ಎದುರಾಳಿಯ ಮೇಲೆ ಬೀಳುವ ಶೂಟಿಂಗ್ ಸ್ಟಾರ್ ಪ್ರೆಸ್ ಲೈಗರ್ ಅವರದೇ ಕಾಣಿಕೆ ಎಂದು, ನನ್ನ ಮಗನಿಗೆ ಅದರ ತುಣುಕುಗಳನ್ನಷ್ಟೇ ತೋರಿಸಿದೆ. ಅವನು "ಇದು ಸರ್ಕಸ್" ಎಂದು ಎದ್ದು ಹೋದ. ಮತ್ತೊಂದು ದಿನ, 1992ರಲ್ಲಿ ಅಮೆರಿಕದಲ್ಲಿ ಬ್ರಯಾನ್ ಪಿಲ್‌ಮನ್ ವಿರುದ್ಧ ನಡೆದ ಪಂದ್ಯವನ್ನು ಪೂರ್ತಿಯಾಗಿ ಹಾಕಿದೆ. ನೆಲದ ಮೇಲಿನ ಹಿಡಿತಗಳಿಂದ ತೊಡಗಿ ಮೆಲ್ಲಗೆ ಏರುವ ಆ ಪಂದ್ಯದಲ್ಲಿ ಲೈಗರ್ ಸೋತರೂ ಅವನು ಕದಲದೆ ನೋಡಿದ. ಹಾರಾಟಕ್ಕೆ ಬೆಲೆ ಬರುವುದು ಅದಕ್ಕೆ ಮೊದಲು ನಡೆದ ಬಿಗಿ ಕುಸ್ತಿಯಿಂದ ಎಂಬುದು ನನಗೂ ಆಗಲೇ ಹೊಳೆದದ್ದು.

ಉತ್ತರ 3: ನನ್ನ ಆಯ್ಕೆ 1994ರ ಸೂಪರ್ ಜೆ-ಕಪ್. ಬೇರೆ ಬೇರೆ ಸಂಸ್ಥೆಗಳಲ್ಲಿ ಚದುರಿದ್ದ ಹಗುರ ತೂಕದವರನ್ನು ಒಂದೇ ರಾತ್ರಿಯ ಟೂರ್ನಿಗೆ ಕಲೆಹಾಕಿದವರು ಲೈಗರ್. ಸೆಮಿಫೈನಲ್‌ನಲ್ಲಿ ಗ್ರೇಟ್ ಸಾಸುಕೆ ಹಗ್ಗದಿಂದ ಜಾರಿ ಬಿದ್ದಾಗ ಲೈಗರ್ ಅಣಕಿಸುತ್ತಾ ಚಪ್ಪಾಳೆ ತಟ್ಟುತ್ತಾರೆ. ಮರುಕ್ಷಣವೇ ಅದೇ ಸಾಸುಕೆಗೆ ಸೋಲುತ್ತಾರೆ. ಅಷ್ಟು ಸೊಗಸಾದ ಸೋಲನ್ನು ನಾನು ಬೇರೆಲ್ಲೂ ಕಂಡಿಲ್ಲ.

ಉತ್ತರ 4: ನಂತರದ ಪಂದ್ಯಗಳನ್ನೂ ಸೇರಿಸಿ. 1996ರಲ್ಲಿ ಮೆದುಳಿನ ಗಡ್ಡೆಗೆ ಶಸ್ತ್ರಚಿಕಿತ್ಸೆಯಾದ ಮೇಲೂ ಮರಳಿದ ಅವರು, ಜಿಗಿತಗಳನ್ನು ಕಡಿಮೆ ಮಾಡಿ ಅಂಗೈ ಹೊಡೆತವನ್ನು ನೆಚ್ಚಿಕೊಂಡರು. ನ್ಯೂ ಜಪಾನ್‌ನ ಜೂನಿಯರ್ ಹೆವಿವೇಟ್ (ಹಗುರ ತೂಕದವರ) ಪಟ್ಟವನ್ನು ಒಟ್ಟು 11 ಬಾರಿ ಗೆದ್ದ ಅವರು ನಿವೃತ್ತರಾದದ್ದು 2020ರ ಜನವರಿ 5ರಂದು, ಅದೇ ಟೋಕಿಯೋ ಡೋಮ್‌ನಲ್ಲಿ, ಕಿರಿಯ ಹಿರೋಮು ತಕಾಹಾಷಿಗೆ ಸೋತು. ಒಂದು ಮಾತು: ಹುಡುಗ ಮಂಚದ ಮೇಲಿಂದ ಲಾಗ ಹಾಕದಂತೆ ಕಣ್ಣಿಟ್ಟಿರಿ.