ಹೊಸ ಮನೆ ಬಚ್ಚಲಿಗೆ ಕಟ್ಟಿಗೆ ಒಲೆ ಇಡಬೇಕಾ, ಬೇಡ್ವಾ?

ಸೋಗೆಮಾಡು:

ಶಿರಸಿಯಿಂದ ಹದಿನೈದು ಕಿಲೋಮೀಟರ್ ಒಳಗೆ ನಮ್ಮೂರು. ಹಳೇ ಮನೆ ಕೆಡವಿ ಹೊಸದು ಕಟ್ಟುತ್ತಿದ್ದೇವೆ. ಗೋಡೆ ಎದ್ದಿದೆ, ಬಚ್ಚಲಿಗೆ ಬಂದು ಕೆಲಸ ನಿಂತಿದೆ. ಆಯಿಗೆ ಹಂಡೆ ಒಲೆ ಬೇಕೇ ಬೇಕು. ಹೆಂಡತಿಗೆ ಬೇಡವೇ ಬೇಡ. ಇಂಜಿನಿಯರ್ ಕೇಳಿದರೆ, ಸೋಲಾರ್ ಹಾಕಿ, ಜೊತೆಗೊಂದು ಗೀಸರ್ ಇರಲಿ, ಈ ಕಾಲದಲ್ಲಿ ಒಲೆ ಯಾಕೆ ಮಾರಾಯ್ರೆ ಅಂತಾರೆ.

ನನಗೆ ಇಬ್ಬರ ಮಾತೂ ಸರಿ ಅನಿಸುತ್ತದೆ. ಬೆಂಗಳೂರಲ್ಲಿ ಹನ್ನೆರಡು ವರ್ಷ ಗೀಸರ್ ನೀರು ಅಳೆದು ಅಳೆದು ಮಿಂದವನು ನಾನು. ಊರಿಗೆ ಬಂದು ಹಂಡೆಯಿಂದ ತಂಬಿಗೆ ತಂಬಿಗೆ ಮೊಗೆದು ಬೆನ್ನಿಗೆ ಸುರಿದುಕೊಳ್ಳುವ ಸುಖ ಬೇರೆಯೇ. ಆದರೆ ಹಳೇ ಬಚ್ಚಲಿನ ಜಂತಿ, ಗೋಡೆ ಎಲ್ಲ ಕಪ್ಪು ಇಲ್ಲಣ. ಆಯಿ ಊದುಗೊಳವೆ ಹಿಡಿದು ಕೆಮ್ಮುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮಗಳಿಗೆ ಬೇರೆ ಉಬ್ಬಸ ಇದೆ.

ಇನ್ನೊಂದು ಪ್ರಶ್ನೆ. ಜುಲೈಯಲ್ಲಿ ಬಟ್ಟೆ ಒಣಗಲ್ಲ, ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು, ಗೋಡೆಗೂ ಬೂಷ್ಟು. ಪರದೇಶದಲ್ಲಿ ಮನೆ ಬೆಚ್ಚಗಿಡಲು ಗಾಜಿನ ಬಾಗಿಲಿನ ಕಬ್ಬಿಣದ ಕಟ್ಟಿಗೆ ಸ್ಟವ್ ಇಡ್ತಾರಲ್ಲ, ಅದನ್ನು ನಮ್ಮ ಕಡೆ ಯಾರಾದರೂ ಹಾಕಿಸಿದ್ದೀರಾ?

ಬೆಟ್ಟದಂಚು:

ಒಲೆ ಇಡಿ. ಆದರೆ ಒಲೆಯ ಬಾಯಿ ಬಚ್ಚಲ ಒಳಗೆ ಬೇಡ. ಹಂಡೆ ಒಳಗಿರಲಿ, ಬೆಂಕಿ ಹಾಕುವ ಬಾಯಿ ಹೊರಗೋಡೆಗೆ ಬರಲಿ, ಅದರ ಮೇಲೆ ಮಾಡು ಇಳಿಸಿ, ಪಕ್ಕದಲ್ಲೇ ಒಂದು ವಾರದ ಕಟ್ಟಿಗೆ ಇಡುವಷ್ಟು ಜಾಗ ಬಿಡಿ. ನಾವು ಹತ್ತು ವರ್ಷದ ಹಿಂದೆ ಹೀಗೆ ಮಾಡಿದೆವು. ಒಳಗೆ ಟೈಲ್ಸ್ ಇನ್ನೂ ಬೆಳ್ಳಗಿದೆ.

ಹೊಗೆ ಗೂಡು ಹಂಡೆಯ ಹಿಂಭಾಗದಿಂದ ಏಳಬೇಕು, ನೆಟ್ಟಗೆ ಹೋಗಬೇಕು, ಮಾಡಿನ ನೆತ್ತಿಗಿಂತ ಮೇಲೆ ನಿಲ್ಲಬೇಕು. ನಮ್ಮ ಮೇಸ್ತ್ರಿ ಮೊದಲು ನೆತ್ತಿಗಿಂತ ಒಂದೂವರೆ ಅಡಿ ಕೆಳಗೇ ನಿಲ್ಲಿಸಿದ್ದ. ಗಾಳಿ ಬೀಸಿದರೆ ಹೊಗೆ ತಿರುಗಿ ಕೆಳಗೇ ಬರುತ್ತಿತ್ತು. ಎರಡು ತುಂಡು ಪೈಪು ಸೇರಿಸಿದ ಮೇಲೆ ಒಲೆಗೆ ಎಳೆತ ಬಂತು, ಊದುಗೊಳವೆ ಮೂಲೆ ಸೇರಿತು. ಬುಡದಲ್ಲಿ ಮಸಿ ತೆಗೆಯಲು ಒಂದು ಸಣ್ಣ ಬಾಗಿಲು ಇಡಲು ಮರೀಬೇಡಿ, ಆಮೇಲೆ ಗೋಡೆ ಒಡೆಯಬೇಕಾಗುತ್ತದೆ.

ಲೆಕ್ಕ ಬೇಕಾದರೆ ಕೇಳಿ. 60 ಲೀಟರ್ ನೀರನ್ನು 22 ಡಿಗ್ರಿಯಿಂದ 60ಕ್ಕೆ ತರಲು ಗೀಸರ್‌ಗೆ ಎರಡೂವರೆಯಿಂದ ಮೂರು ಯೂನಿಟ್ ಕರೆಂಟ್ ಬೇಕು. ಒಲೆಯಲ್ಲಾದರೆ ಮೂರು-ನಾಲ್ಕು ಕಿಲೋ ಒಣ ಕಟ್ಟಿಗೆ, ಅದೂ ಬೆಂಕಿಯ ಬಹುಪಾಲು ಶಾಖ ಗೂಡಿನಲ್ಲಿ ಹಾರಿಹೋಗುತ್ತದೆ ಅಂತ ಹಿಡಿದು. ಕಾಗದದ ಮೇಲೆ ಗೀಸರ್ರೇ ಜಾಣ. ಆದರೆ ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದಾಗ, ಹದಿನೈದು ದಿನ ಸೂರ್ಯನ ಮುಖ ಕಾಣದೆ ಸೋಲಾರ್ ತಣ್ಣಗೆ ಕೂತಾಗ, ಆ ಜಾಣತನ ತಗೊಂಡು ಏನು ಮಾಡ್ತೀರಿ?

ಕಟ್ಟಿಗೆಗೆ ಅಂತ ನಾವು ಮರ ಕಡಿಯುವುದಿಲ್ಲ. ಒಣ ಸೋಗೆ, ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ, ಬೆಟ್ಟದಲ್ಲಿ ಬಿದ್ದ ಕೊಂಬೆ, ಇಷ್ಟರಲ್ಲೇ ವರ್ಷ ಕಳೆಯುತ್ತದೆ. ಕಷ್ಟ ಇರುವುದು ಮಾರ್ಚ್-ಏಪ್ರಿಲಲ್ಲಿ. ಒಡೆದು, ಒಣಗಿಸಿ, ಮಳೆ ಬೀಳುವುದರೊಳಗೆ ಕಟ್ಟಿಗೆ ಮನೆ ತುಂಬಿಸಬೇಕು. ಆಳು ಸಿಗಲ್ಲ. ಕಳೆದ ವರ್ಷ ಅರ್ಧ ನಾನೇ ಒಡೆದೆ, ಸೊಂಟ ಇನ್ನೂ ಮಾತಾಡ್ತಾ ಇದೆ. ರಾಶಿಗೆ ಕೈ ಹಾಕುವಾಗ ಚೇಳು ನೋಡಿಕೊಳ್ಳಿ.

ಘಟ್ಟದ ಕೆಳಗಿನವ:

ನಾನು ಕಾರವಾರದವ. ನಮ್ಮಲ್ಲಿ ಡಿಸೆಂಬರಲ್ಲೂ ಫ್ಯಾನ್ ತಿರುಗುತ್ತದೆ, ಹಾಗಾಗಿ ಬೆಚ್ಚಗಿರುವ ಸುಖದ ಬಗ್ಗೆ ಹೇಳಲು ನನಗೆ ಬಾಯಿಲ್ಲ. ಆಗಿದ್ದು ಮಾತ್ರ ಹೇಳುತ್ತೇನೆ.

ಹಳೇ ತಾಮ್ರದ ಬಂಬ್ ಒಂದು ಅಜ್ಜನ ಮನೆಯಲ್ಲಿತ್ತು. ನಡುವೆ ಕೊಳವೆಯಲ್ಲಿ ಬೆಂಕಿ, ಸುತ್ತ ನೀರು. ಚಂದದ ಸಾಮಾನು, ತಿಕ್ಕಿದರೆ ಮುಖ ಕಾಣುತ್ತದೆ. ಅದನ್ನು ತಂದು ಬಚ್ಚಲ ಒಳಗೇ ಇಟ್ಟು, ಪೇಟೆಯ ಒಬ್ಬ ಕೆಲಸದವನಿಂದ ತಗಡಿನ ಪೈಪ್ ಹಾಕಿಸಿದೆ. ಅವನು ಕಿಟಕಿಯಿಂದ ಹೊರಗೆ ಒಯ್ಯಲು ಪೈಪನ್ನು ಎರಡು ಕಡೆ ಬಗ್ಗಿಸಿದ. ಮಳೆಗಾಲ ಶುರುವಾಗಿ ಸಮುದ್ರದ ಗಾಳಿ ನೇರ ಪೈಪಿಗೇ ನುಗ್ಗತೊಡಗಿತು. ಕಟ್ಟಿಗೆ ಹಸಿ ಗಾಳಿಮರದ್ದು. ಹೊಗೆ ತಾಳಲಾರದೆ ನಾವು ಕಂಡುಕೊಂಡ ಉಪಾಯ ಏನಂದ್ರೆ, ಉರಿ ಇಳಿದು ಬರೀ ಕೆಂಡ ಆದಮೇಲೆ ಬಾಗಿಲು ಹಾಕಿ ಸ್ನಾನ ಮಾಡುವುದು. ಕೆಂಡದಲ್ಲಿ ಹೊಗೆ ಇಲ್ಲ, ಹಾಗಾಗಿ ಅಪಾಯವೂ ಇಲ್ಲ ಅಂದುಕೊಂಡಿದ್ದೆವು.

ಒಂದು ಸಂಜೆ ಅತ್ತೆ ಸ್ನಾನಕ್ಕೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಕೂಗಿದರೆ ಅರ್ಧಂಬರ್ಧ ಉತ್ತರ. ಬಾಗಿಲು ನೂಕಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದಾರೆ, ತಲೆ ಸಿಡಿಯುತ್ತಿದೆ ಅಂತಾರೆ, ಎದ್ದು ನಿಲ್ಲಲು ಕಾಲಿಲ್ಲ. ಹೊರಗೆ ಗಾಳಿಗೆ ತಂದು ಕೂರಿಸಿದ ಮೇಲೆ ವಾಂತಿ. ಕಾರ್ಬನ್ ಮೊನಾಕ್ಸೈಡ್ ಅಂತ ಆಸ್ಪತ್ರೆಯಲ್ಲಿ ಹೇಳಿದರು. ಬಣ್ಣ ಇಲ್ಲ, ವಾಸನೆ ಇಲ್ಲ. ಕೆಂಡದಿಂದಲೂ ಬರುತ್ತದೆ. ಬಂಬ್ ಈಗ ಜಗಲಿಯಲ್ಲಿ ಹೂವಿನ ಕುಂಡ.

ಬೆಟ್ಟದಂಚು ಅವರು ಹೇಳಿದಂತೆ ಬಾಯಿ ಹೊರಗಿದ್ದರೆ ಸರಿ. ಒಳಗಾದರೆ, ಉಬ್ಬಸದ ಮಗು ಇರುವ ಮನೆಗೆ, ಯೋಚನೆ ಕೂಡ ಮಾಡಬೇಡಿ.

ಮ್ಯಾಂಚೆಸ್ಟರ್ ಮಾಣಿ:

ಗಾಜಿನ ಬಾಗಿಲಿನ ಸ್ಟವ್ ಬಗ್ಗೆ ನಾನು ಹೇಳಬಹುದು. ಊರು ಸಿದ್ದಾಪುರ, ಈಗ ಇರುವುದು ಇಂಗ್ಲೆಂಡಲ್ಲಿ, ಬಾಡಿಗೆ ಮನೆಯಲ್ಲಿ ಒಂದು ಇದೆ. ಜನವರಿಯ ಸಂಜೆ ಅದರ ಎದುರು ಕೂತರೆ ಏಳಲು ಮನಸ್ಸಾಗಲ್ಲ, ನಿಜ. ಆದರೆ ಇಲ್ಲೂ ಅದರ ಮೇಲೆ ಜಗಳ ಇದೆ. ಸಣ್ಣ ಕಣದ ಹೊಗೆ ಊರಿನ ಗಾಳಿ ಕೆಡಿಸುತ್ತದೆ ಅಂತ. 1952ರ ಲಂಡನ್ನಿನ ಹೊಗೆ ಮಂಜಿನಲ್ಲಿ ಸಾವಿರಾರು ಜನ ಸತ್ತರು. ಅದು ಮುಖ್ಯವಾಗಿ ಕಲ್ಲಿದ್ದಲಿನ ಹೊಗೆ, ಆದರೆ ಆಮೇಲೆ 1956ರಲ್ಲಿ ಬಂದ ಕಾಯ್ದೆಯಿಂದಾಗಿ ಇವತ್ತಿಗೂ ಎಷ್ಟೋ ಊರಲ್ಲಿ ಸಿಕ್ಕಿದ ಒಲೆಯಲ್ಲಿ ಕಟ್ಟಿಗೆ ಉರಿಸುವಂತಿಲ್ಲ. 2021ರ ಮೇ ತಿಂಗಳಿಂದ ಅಂಗಡಿಯಲ್ಲಿ ಸಣ್ಣ ಕಟ್ಟು ಮಾರುವ ಕಟ್ಟಿಗೆಯ ತೇವ ಶೇ 20ಕ್ಕಿಂತ ಜಾಸ್ತಿ ಇರುವಂತಿಲ್ಲ.

ಈ ತೇವದ ಮಾತು ನಮ್ಮೂರಿಗೂ ಅಷ್ಟೇ ಮುಖ್ಯ. ಈಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದ ಹತ್ತಿರ ನೀರೇ. ಬೆಂಕಿ ಮೊದಲು ಆ ನೀರನ್ನು ಕುದಿಸಬೇಕು, ಉರಿ ಏರಲ್ಲ, ಅರೆಬೆಂದ ಅನಿಲ ಹೊಗೆಯಾಗಿ ಹೋಗಿ ತಣ್ಣನೆ ಗೂಡಿನಲ್ಲಿ ಡಾಂಬರಿನ ಹಾಗೆ ಅಂಟುತ್ತದೆ. ದಪ್ಪವಾದರೆ ಗೂಡಿಗೇ ಬೆಂಕಿ ಹತ್ತುತ್ತದೆ. ಸೀಳಿ ಒಂದು ಬೇಸಿಗೆ ಪೂರ್ತಿ ಬಿಸಿಲು ತಿಂದ ಕಟ್ಟಿಗೆಯಲ್ಲಿ ಈ ಕಾಟ ಬಹಳ ಕಮ್ಮಿ. ಎರಡು ತುಂಡು ಬಡಿದು ನೋಡಿ, ಟಣ್ ಅಂದರೆ ಒಣಗಿದೆ.

ಶಿರಸಿಗೆ ಆ ಸ್ಟವ್ ಬೇಡ. ಅದು ಗಾಳಿ ನುಸುಳದ ಮನೆಗೆ ಮಾಡಿದ್ದು. ಹಂಚಿನ ಮಾಡಿನ ಸಂದಿಯಲ್ಲಿ ಬಿಸಿಯೆಲ್ಲ ಮೇಲೆ ಹೋಗುತ್ತದೆ, ನೀವು ಕಾಡು ಕಾಯಿಸುತ್ತೀರಿ ಅಷ್ಟೆ. ನಮಗೆ ಬೇಕಾದ್ದು ಬಿಸಿಗಿಂತ ಒಣ ಗಾಳಿ. 22 ಡಿಗ್ರಿಯಲ್ಲಿ ಶೇ 95 ತೇವ ಇರುವ ಗಾಳಿಯನ್ನು 30ಕ್ಕೆ ಏರಿಸಿದರೆ ಅದೇ ತೇವ ಶೇ 60ಕ್ಕೆ ಇಳಿಯುತ್ತದೆ. ನಮ್ಮ ಅಜ್ಜಿ ಹೊಡಸಲಿನ (ಮನೆಯೊಳಗೆ ಹಾಕುವ ಬೆಂಕಿ) ಮೇಲೆ ಹಗ್ಗ ಕಟ್ಟಿ ಕಂಬಳಿ, ಸೀರೆ ಹರವುತ್ತಿದ್ದದ್ದು ಇದೇ ಲೆಕ್ಕದ ಮೇಲೆ, ಅಲ್ವಾ? ಹಂಡೆ ಒಲೆಯ ಗೂಡು ಹಾದುಹೋಗುವ ಗೋಡೆಯ ಆ ಕಡೆ ಒಂದು ಸಣ್ಣ ಕೋಣೆ ಮಾಡಿ ಬಟ್ಟೆಗೆ ಬಿಡಿ. ಗೂಡಿನಲ್ಲಿ ಬಿರುಕು ಇರಬಾರದು, ಕೋಣೆಗೆ ಕಿಟಕಿ ಇರಲಿ.

ಮುರುಗಲು ಹುಳಿ:

ಎಲ್ಲ ಸರಿ. ಬೆಳಿಗ್ಗೆ ಐದಕ್ಕೆ ಎದ್ದು ಬೆಂಕಿ ಹಾಕುವವರು ಯಾರು ಅಂತ ಒಬ್ಬರೂ ಕೇಳಲಿಲ್ಲವಲ್ಲ! ಈಗ ಆಯಿ ಹಾಕುತ್ತಾರೆ. ಆಮೇಲೆ? ನಿಮ್ಮ ಹೆಂಡತಿ ಬೇಡ ಅನ್ನುವುದು ಹೊಗೆಗೆ ಮಾತ್ರ ಅಂತ ತಿಳಿಯಬೇಡಿ. ನಮ್ಮ ಮನೆಯಲ್ಲಿ ಒಲೆ ಇರಲಿ ಅಂದದ್ದು ನಮ್ಮವರು, ಬೂದಿ ತೆಗೆದದ್ದು ನಾನು. ಜಗಳ ಮಾಡಿ ಈಗ ದಿನಾ ಬೆಂಕಿ ಹಾಕುವ ಕೆಲಸ ಅವರದ್ದು. ಅವರಿಗೆ ಕಟ್ಟಿಗೆ ಹೇಗೆ ಒಣಗಬೇಕು ಅಂತ ಆಮೇಲೇ ಗೊತ್ತಾಯ್ತು.

ನನಗೂ ಒಲೆ ಇಷ್ಟವೇ ಮತ್ತೆ. ಹಲಸಿನ ಬೇಳೆಯನ್ನು ಬಿಸಿ ಬೂದಿಯಲ್ಲಿ ಹೂತಿಟ್ಟು ಸಂಜೆ ಕೆದಕಿ ತೆಗೆದು, ಊದಿ, ಸಿಪ್ಪೆ ಸುಲಿದು ಉಪ್ಪು ಹಚ್ಚಿ ತಿನ್ನುವುದು ಯಾವ ಗೀಸರ್‌ನಲ್ಲಿ ಆಗುತ್ತೆ? ಕೆಂಡದಲ್ಲಿ ಸುಟ್ಟ ಹಪ್ಪಳವೂ ಹಾಗೇ. ಬೂದಿ ಬದನೆ ಗಿಡಕ್ಕೆ ಹೋಗುತ್ತದೆ. ಹಾಂ, ಹೊಳೆಗೇರು ಕಟ್ಟಿಗೆ ತಪ್ಪಿಯೂ ತರಿಸಬೇಡಿ. ಅದರ ಸೊನೆ ತಾಗಿ ನಮ್ಮ ಆಳಿನ ಮುಖ ಎರಡು ದಿನ ಬಾತುಕೊಂಡಿತ್ತು.

ಸೋಗೆಮಾಡು:

ಎಲ್ಲರಿಗೂ ಥ್ಯಾಂಕ್ಸ್. ಕೊನೇ ಉತ್ತರವನ್ನು ಹೆಂಡತಿ ನನ್ನ ಕೈಯಿಂದ ಫೋನ್ ಕಸಿದು ಎರಡು ಸಲ ಓದಿದಳು. ಒಪ್ಪಂದ ಹೀಗೆ ಆಗಿದೆ: ಮಳೆಗಾಲಕ್ಕೆ, ಚಳಿಗೆ ಒಲೆ, ಬಾಯಿ ಹೊರಗೆ. ಬೇಸಿಗೆಗೆ ಸೋಲಾರ್. ಬೆಂಕಿ ಹಾಕುವುದು ನಾನು. ಆಯಿಗೆ ಬಾಯಿ ಹೊರಗಿಡುವುದು ಅಷ್ಟು ಇಷ್ಟವಿಲ್ಲ, ಮಳೆಯಲ್ಲಿ ಹೊರಗೆ ಕೂತು ಮೈ ಕಾಯಿಸಲು ಆಗಲ್ಲ ಅಂತ. ಹಾಗಾಗಿ ಅಲ್ಲಿ ಮಾಡನ್ನು ಇನ್ನೂ ನಾಲ್ಕು ಅಡಿ ಮುಂದೆ ತಂದು ಒಂದು ಕಟ್ಟೆ ಕಟ್ಟಿಸುತ್ತಿದ್ದೇನೆ.

ಬೆಟ್ಟದಂಚು ಅವರೇ, ಮಸಿ ತೆಗೆಯುವ ಬಾಗಿಲಿನ ಅಳತೆ ಎಷ್ಟು ಇಟ್ಟಿದ್ದೀರಿ? ಸೋಮವಾರ ಮೇಸ್ತ್ರಿ ಬರ್ತಾನೆ.

ಬೆಟ್ಟದಂಚು:

ಒಂಬತ್ತು ಇಂಚು ಚೌಕ. ಕೈ ಮೊಣಕೈವರೆಗೆ ಒಳಗೆ ಹೋಗಬೇಕು. ಹಳೇ ಅಂಗಿ ಹಾಕಿಕೊಂಡು ತೆಗೆಯಿರಿ.